ಕಂಬಳಿಯೊಳಗಿನ ಆನೆ

ಕಳೆದ ವಾರ ಹರದನಹಳ್ಳಿಗೆ ಹೋಗಿದ್ದೆ. ಚಿಕ್ಕಪ್ಪನ ಮಗಳು ಹೆತ್ತು ಹದಿನೈದು ದಿನವಾಗಿತ್ತು. ಬಾಣಂತಿ ಕೋಣೆಯ ಬಾಗಿಲು ತಳ್ಳಿದೆನೋ ಇಲ್ಲವೋ, ಸಾಂಬ್ರಾಣಿ ಹೊಗೆ, ಬಜೆ, ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ, ಹುಳಿತ ಹಾಲಿನ ಬಟ್ಟೆ ಎಲ್ಲ ಸೇರಿದ ಆ ವಾಸನೆ ಮೂಗಿಗೆ ಹೊಡೆಯಿತು. ನೋಡಲು ಬಂದ ನೆಂಟರೆಲ್ಲ ಅದನ್ನು ಮೂಸಿ ಮೂಸಿ ಸುಖಪಡುತ್ತಿದ್ದರು. ನನಗೆ ಉಸಿರು ಕಟ್ಟಿತು. ಕೂಸನ್ನು ಐದು ನಿಮಿಷ ತೊಡೆಯ ಮೇಲೆ ಹಾಕಿಕೊಂಡು, ಕೈಗೆ ದುಡ್ಡಿಟ್ಟು, ಹೊರಗೆ ಬಂದು ಜಗುಲಿಯ ಮೇಲೆ ಕೂತೆ. ಮೂರು ವರ್ಷದ ಹಿಂದೆ, ಎರಡು ಮನೆ ಆಚೆ ನನ್ನ ತವರಿನಲ್ಲಿ, ಇಂಥದೇ ಒಂದು ಕೋಣೆಯಲ್ಲಿ ನಾನು ಇಡೀ ಒಂದು ಆಷಾಢ ಕಳೆದಿದ್ದೆ.

ನಮ್ಮ ಚಾಮರಾಜನಗರದ ಕಡೆ ಆಷಾಢವೆಂದರೆ ಮಳೆಯಲ್ಲ, ಗಾಳಿ. ಹಗಲೂ ರಾತ್ರಿ ಒಂದೇ ಸಮನೆ ಬೀಸುತ್ತದೆ, ತಗಡು ಕಿತ್ತುಕೊಂಡು ಹೋಗುತ್ತದೆ, ಬಾಯಲ್ಲಿ ಮಣ್ಣು ಕರುಂ ಅನ್ನುತ್ತದೆ. ಆ ಗಾಳಿ ಬಾಣಂತಿಗೆ ಸೋಕಿದರೆ ಮುಗಿಯಿತು ಎಂದು ನಮ್ಮಮ್ಮನ ನಂಬಿಕೆ. ಅಮ್ಮನ ಹೆಸರು ಮಾದೇವಮ್ಮ. ಹುಟ್ಟಿ ಬೆಳೆದದ್ದು ಕಾಡಂಚಿನ ಪುಣಜನೂರಿನಲ್ಲಿ. ಅಲ್ಲಿಂದ ತಂದ ನಿಯಮಗಳನ್ನೆಲ್ಲ ಒಂದೂ ಬಿಡದೆ ನನ್ನ ಮೇಲೆ ಹೇರಿದಳು. ಇದ್ದ ಒಂದೇ ಕಿಟಕಿಯ ಸಂದುಗಳಿಗೆ ಹಳೇ ಸೀರೆ ತುರುಕಿದಳು. ನನ್ನ ಕಿವಿಗೆ ಹತ್ತಿ, ಅದರ ಮೇಲೆ ಸ್ಕಾರ್ಫು. ತಣ್ಣೀರಿಲ್ಲ, ಫ್ಯಾನಿಲ್ಲ, ಓದುವಂತಿಲ್ಲ, ಫೋನ್ ನೋಡುವಂತಿಲ್ಲ. ಅಪ್ಪ ಬದನಗುಪ್ಪೆಯ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದು ಬಾಗಿಲ ಆಚೆಯಿಂದಲೇ "ಮೊಗ ಹಾಲು ಕುಡೀತಾ?" ಎಂದು ಕೇಳಿ ಹೋಗುತ್ತಿದ್ದರು. ಜೈಲಿನಲ್ಲಾದರೂ ದಿನಕ್ಕೊಂದು ಸಲ ಅಂಗಳಕ್ಕೆ ಬಿಡುತ್ತಾರೆ ಎಂದು ನಾನು ಗೊಣಗಿದರೆ ಅಮ್ಮ ಇನ್ನೊಂದು ಚಮಚ ಬಾಣಂತಿ ಲೇಹ ಬಾಯಿಗೆ ತುರುಕುತ್ತಿದ್ದಳು.

ಹಾಗೆಂದು ನನ್ನನ್ನು ಕೂಡಿಹಾಕಿದವಳು ಅಮ್ಮನೊಬ್ಬಳೇ ಎಂದರೆ ಅನ್ಯಾಯವಾಗುತ್ತದೆ. ನನ್ನನ್ನು ಕೊಟ್ಟಿದ್ದು ಗುಂಡ್ಲುಪೇಟೆಗೆ. ಗಂಡ ಮಹೇಶ ಮತ್ತು ಮಾವ ಸೇರಿ ಊಟಿ ರಸ್ತೆಯಲ್ಲಿ ಸಿಮೆಂಟ್, ಕಬ್ಬಿಣದ ಅಂಗಡಿ ನಡೆಸುತ್ತಾರೆ. ನಾನು ಅಲ್ಲಿನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದೆ. ಏಳನೇ ತಿಂಗಳಲ್ಲಿ ನಾನು ತವರಿಗೆ ಬಂದ ವಾರವೇ, ಇವಳು ಇನ್ನು ಬರುವುದಿಲ್ಲ ಎಂದು ಮಾವ ಶಾಲೆಗೆ ಕಾಗದ ಕೊಟ್ಟುಬಂದಿದ್ದರು. ನನಗೆ ಗೊತ್ತಾಗಿದ್ದು ಜೊತೆಯ ಟೀಚರೊಬ್ಬರು ಫೋನ್ ಮಾಡಿ "ಯಾಕೆ ಬಿಟ್ರಿ?" ಎಂದು ಕೇಳಿದಾಗ. ಮಹೇಶರನ್ನು ಕೇಳಿದರೆ, ನನಗಾಗಿ ತಂದ ಕಿತ್ತಳೆ ಸುಲಿಯುತ್ತ, "ಮಗು ಆದ್ಮೇಲೆ ಹೆಂಗಿದ್ರೂ ನಿಂಗೆ ಆಯ್ತಿರಲಿಲ್ಲ ಬುಡು" ಎಂದರು. ಕಿತ್ತಳೆಯ ನಾರನ್ನೂ ತೆಗೆದು ಕೊಟ್ಟರು. ಅಷ್ಟು ಪ್ರೀತಿಯಿಂದ ಹೇಳಿದವರ ಮೇಲೆ ಹೇಗೆ ಸಿಟ್ಟಾಗುವುದೆಂದು ತಿಳಿಯದೆ ಹಣ್ಣು ತಿಂದೆ. ಆ ಸಿಟ್ಟು ಇಂದಿಗೂ ಪೂರ್ತಿ ಹೋಗಿಲ್ಲ.

ನನಗೆ ಒಂದು ಹುಚ್ಚಿತ್ತು. ಪಿಕ್ಸೆಲ್ ಚಿತ್ರ. ಸಣ್ಣ ಸಣ್ಣ ಚೌಕಗಳಿಗೆ ಬಣ್ಣ ತುಂಬಿ, ಹಳೇ ವಿಡಿಯೋ ಗೇಮುಗಳಲ್ಲಿ ಓಡಾಡುವಂಥ ಗೊಂಬೆ, ಪ್ರಾಣಿ ಮಾಡುವುದು. ಮೊದಲು ಗ್ರಾಫ್ ಹಾಳೆಯಲ್ಲಿ ಶಾಲೆಯ ಮಕ್ಕಳಿಗೆ ಕಲಿಸುತ್ತಿದ್ದೆ, ಆಮೇಲೆ ಫೋನಿನಲ್ಲಿ ಮಾಡಿ ಅಲ್ಲಿ ಇಲ್ಲಿ ಹಾಕುತ್ತಿದ್ದೆ. ಅದನ್ನು ನೋಡಿ ವಯನಾಡಿನ ಲಿನ್ಸಿ ಎಂಬಾಕೆ ನನಗೆ ಬರೆದಳು. ಅವಳೂ ಅವಳ ಗೆಳತಿಯೂ ಸೇರಿ ಕಾಡಿನ ಕಥೆಯ ಒಂದು ಗೇಮ್ ಕಟ್ಟುತ್ತಿದ್ದರು. ಪ್ರಾಣಿಗಳನ್ನು ಬಿಡಿಸಿ ನಡೆಸುವವರು ಬೇಕಿತ್ತು. ಮಾದರಿಗೆ ಒಂದು ಆನೆ ಮಾಡಿ ಕಳಿಸಬೇಕು. ಎಂಟು ಚಿತ್ರ, ಒಂದರ ಹಿಂದೊಂದು ಓಡಿಸಿದರೆ ಆನೆ ನಡೆಯಬೇಕು. ಶ್ರಾವಣದ ಒಂದು ಶನಿವಾರ ಕೊನೆಯ ದಿನ. ಒಪ್ಪಿದರೆ ಮನೆಯಲ್ಲೇ ಕೂತು ವರ್ಷವಿಡೀ ಮಾಡುವ ಕೆಲಸ. ಇಲ್ಲದಿದ್ದರೆ ಹೆರಿಗೆಯಾದ ಐದನೇ ತಿಂಗಳಲ್ಲಿ ಗುಂಡ್ಲುಪೇಟೆಗೆ ಹೋಗಿ, ನನ್ನದು ಅಂತ ಒಂದು ಗಂಟೆಯೂ ಇಲ್ಲದ ದಿನಗಳಿಗೆ ಸೇರಿಕೊಳ್ಳುವುದು. ಹೆರಿಗೆಗೆ ಎರಡು ವಾರವಿದ್ದಾಗ ನಾನು ಆಗಲಿ ಎಂದು ಉತ್ತರ ಬರೆದುಬಿಟ್ಟೆ. ಹೆಂಗಾದರೂ ಆದೀತು ಎಂಬ ಧೈರ್ಯ.

ಯಾವುದರಲ್ಲಿ ಬಿಡಿಸುವುದು ಎನ್ನುವುದೇ ಮೊದಲ ತಾಪತ್ರಯ. ಫೋನಿನ ಆ್ಯಪ್‌ನಲ್ಲಿ ಬೆರಳಿಟ್ಟರೆ ಒಂದರ ಬದಲು ನಾಲ್ಕು ಚೌಕ ತುಂಬುತ್ತಿತ್ತು. ಸಾಲದ್ದಕ್ಕೆ ಎರಡು ಚಿತ್ರಕ್ಕೊಂದು ಜಾಹೀರಾತು. ಅದರ ಗದ್ದಲಕ್ಕೆ ಕೂಸು ಬೆಚ್ಚಿ ಎದ್ದು ಅತ್ತರೆ ಅಮ್ಮ ಓಡಿ ಬರುತ್ತಿದ್ದಳು. ಕಾಲೇಜಿನ ಕಾಲದ ಲ್ಯಾಪ್‌ಟಾಪ್ ಒಂದಿತ್ತು. ಅದಕ್ಕೆ ದೊಡ್ಡ ಪೇಂಟಿಂಗ್ ಸಾಫ್ಟ್‌ವೇರ್ ಹಾಕಿಕೊಂಡಿದ್ದೆ, ಪುಕ್ಕಟೆಯದು. ಅದು ತೆರೆದುಕೊಳ್ಳುವಷ್ಟರಲ್ಲಿ ಕೂಸು ಒಂದು ಸಲ ಹಾಲು ಕುಡಿದು ಮುಗಿಸುತ್ತಿತ್ತು. ಈ ಕೆಲಸ ಬಲ್ಲವರೆಲ್ಲ ಹೊಗಳುವ ಇನ್ನೊಂದಿತ್ತು. ಚೌಕದ ಚಿತ್ರಕ್ಕೆಂದೇ ಮಾಡಿದ್ದು, ಒಂದೇ ಸಲ ಕೊಂಡರೆ ಆಯಿತು. ನನ್ನ ಸಂಬಳದಲ್ಲಿ ಉಳಿದದ್ದು ಬ್ಯಾಂಕಿನಲ್ಲಿತ್ತು. ಆದರೆ ಮದುವೆಯಾದ ಮೇಲೆ ಖಾತೆಗೆ ಮಹೇಶರ ನಂಬರು ಸೇರಿಸಿದ್ದರು. ನಾನು ಏನು ಕೊಂಡರೂ ಒಟಿಪಿ ಅವರ ಫೋನಿಗೆ ಹೋಗುತ್ತದೆ. ಫೋನ್ ಮಾಡಿ ಕೇಳಬೇಕು, ಏನಕ್ಕೆ ಎಂದು ಹೇಳಬೇಕು, ಅವರು ನಕ್ಕು ಇನ್ನೊಂದು ಕಿತ್ತಳೆ ಸುಲಿಯಬೇಕು. ಬೇಡವೆನಿಸಿತು.

ಸ್ವಯಂಸೇವಕರು ಯಾರೋ ಸೇರಿ ಮಾಡಿದ, ಪುಕ್ಕಟೆಯ, ಹಗುರಾದ ಸಾಫ್ಟ್‌ವೇರ್ ಒಂದು ಕಣ್ಣಿಗೆ ಬಿದ್ದಿತ್ತು. ಅದನ್ನು ಇಳಿಸಿಕೊಳ್ಳಲು ಸಿಗ್ನಲ್ ಬೇಕು. ನಮ್ಮ ಮನೆಯಲ್ಲಿ ಒಳ್ಳೇ ಸಿಗ್ನಲ್ ಸಿಗುವುದು ತಾರಸಿಯ ಮೇಲೆ ಮಾತ್ರ. ಅಲ್ಲಿಗೆ ನಾನು ಹೋಗುವಂತಿಲ್ಲ, ಹೋಗು ಎಂದು ಅಮ್ಮನನ್ನು ಕೇಳಬೇಕು. ಅದನ್ನೂ ಬಿಟ್ಟೆ. ಈಗ ಯೋಚಿಸಿದರೆ ನಗು ಬರುತ್ತದೆ. ಯಾವುದರಲ್ಲಿ ಎಷ್ಟು ಬಣ್ಣ, ಎಷ್ಟು ಲೇಯರ್ ಎಂದೆಲ್ಲ ಜನ ಹೋಲಿಸಿ ನೋಡುತ್ತಾರೆ. ನಾನು ನೋಡಿದ್ದು ಒಂದೇ: ಯಾರನ್ನೂ ಕೇಳದೆ ಸಿಗುವುದು ಯಾವುದು?

ಅದು ಸಿಕ್ಕಿತು. ಬ್ರೌಸರ್‌ನಲ್ಲೇ ನಡೆಯುವ ಒಂದು ಪುಟ. ಒಮ್ಮೆ ತೆರೆದುಕೊಂಡರೆ ಸಿಗ್ನಲ್ ಹೋದರೂ ಚಿಂತೆಯಿಲ್ಲ. ಹೆಸರು ಕೊಡಬೇಕಿಲ್ಲ, ದುಡ್ಡು ಬೇಕಿಲ್ಲ. ಚಿತ್ರಗಳು ಬ್ರೌಸರ್ ಒಳಗೇ ಉಳಿಯುತ್ತವೆ ಎಂದು ಕೆಳಗೆ ಸಣ್ಣಕ್ಷರದಲ್ಲಿ ಬರೆದಿತ್ತು. ಯಾರ ಕೈಗೂ ಸಿಗುವುದಿಲ್ಲವಲ್ಲ, ಒಳ್ಳೆಯದೇ ಆಯಿತು ಎಂದುಕೊಂಡೆ.

ಬೆಳಗ್ಗೆ ಅಮ್ಮ ಸುಡುಸುಡು ನೀರು ಹುಯ್ದು, ಮೈಗೆ ಹೊಗೆ ಕೊಟ್ಟು, ಬೆವರಲಿ ಎಂದು ಕಂಬಳಿ ಹೊದಿಸಿ ಮಲಗಿಸುತ್ತಿದ್ದಳು. ಕೂಸೂ ನೀರು ಹಾಕಿಸಿಕೊಂಡ ಸುಸ್ತಿಗೆ ನಿದ್ದೆ ಹೋಗುತ್ತಿತ್ತು. ಅಮ್ಮ ಬಟ್ಟೆ ಒಗೆಯಲು ಹಿತ್ತಲಿಗೆ ಹೋದರೆ ನನಗೆ ಮುಕ್ಕಾಲು ಗಂಟೆ. ಲ್ಯಾಪ್‌ಟಾಪನ್ನು ಕಂಬಳಿಯೊಳಗೆ ಎಳೆದುಕೊಂಡು ಮಗ್ಗುಲಾಗಿ ಮಲಗಿ ಚೌಕ ತುಂಬುತ್ತಿದ್ದೆ. ಬೆವರು ಮೂಗಿನ ತುದಿಯಿಂದ ಕೀಲಿಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಉಣ್ಣೆ ಚುಚ್ಚುತ್ತಿತ್ತು, ಹೆರಿಗೆಯ ಹೊಲಿಗೆ ಎಳೆಯುತ್ತಿತ್ತು. ಆದರೂ ಇಡೀ ದಿನದಲ್ಲಿ ನಾನು ನಾನಾಗಿರುತ್ತಿದ್ದುದು ಆ ಮುಕ್ಕಾಲು ಗಂಟೆ. ಮೂರು ವಾರದಲ್ಲಿ ಐದು ಆನೆಗಳಾದವು. ಇನ್ನು ಮೂರೇ ಬಾಕಿ ಎನ್ನುವಾಗ ಒಂದು ದಿನ ಅಮ್ಮ ಸೋಪು ಮರೆತು ವಾಪಸು ಬಂದಳು. ಕಂಬಳಿಯ ಒಳಗಿಂದ ಬೆಳಕು ಬರುತ್ತಿದ್ದುದನ್ನು ನೋಡಿದಳು.

"ಅಯ್ಯೋ ಮಾದೇಸ! ಹಸಿ ಬಾಣ್ತಿ ಮಾಡೋ ಕೆಲ್ಸವಾ ಇದು? ಕಣ್ಣು ಓಗ್ಬುಡ್ತವ ಕಣಮ್ಮಿ. ನಾಳಿಕ್ಕೆ ಸೂಜಿಗೆ ದಾರ ಪೋಣ್ಸಕ್ಕಾಗ್ದಂಗ್ ಆಯ್ತದ ನೋಡ್ಕ."

"ಒಂದರ್ಧ ಗಂಟೆ ಅಷ್ಟೇ ಅಮ್ಮ."

"ತೊಟ್ಲು ಶಾಸ್ತ್ರ ಮುಗೀಲಿ, ಆಮ್ಯಾಕ್ ನೋಡವ. ಕೊಡಿಲ್ಲಿ."

ಕಸಿದುಕೊಂಡು ಹೋಗಿ ನಡುಮನೆಯ ಬೀರುವಿನ ಮೇಲಿಟ್ಟಳು. ಶಾಸ್ತ್ರಕ್ಕೆ ನಾಲ್ಕು ದಿನವಿತ್ತು. ಆ ನಾಲ್ಕು ದಿನ ಜಂತೆಗಳನ್ನು ಎಣಿಸುತ್ತ ಮಲಗಿದ್ದೆ. ಹದಿಮೂರು.

ಆಷಾಢ ಕಳೆದು ಶ್ರಾವಣದ ಮೊದಲ ಸೋಮವಾರ ತೊಟ್ಟಿಲು. ಅಂದು ಬಾಣಂತಿಯ ಮೈಲಿಗೆ ತೆಗೆಯುವುದು ನಮ್ಮ ಮನೆಯ ಪದ್ಧತಿ. ಬಾಣಂತಿ ಮುಟ್ಟಿದ್ದನ್ನೆಲ್ಲ ತೊಳೆಯಬೇಕು. ಚಾಪೆ, ಕಂಬಳಿ, ಲೋಟ, ಬಾಗಿಲ ಚಿಲಕ ಒಂದೂ ಬಿಡುವಂತಿಲ್ಲ. ಬೆಳಗ್ಗೆಯೇ ಹೂವು ತೆಗೆದುಕೊಂಡು ನಾಗಪ್ಪ ಚಿಕ್ಕಪ್ಪ ಬಂದರು, ಅಪ್ಪನ ತಮ್ಮ. ಚಾಮರಾಜನಗರದ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಪಿಂಚಣಿ, ರೇಷನ್ ಕಾರ್ಡು, ಪರೀಕ್ಷೆ, ಎಲ್ಲದರ ಅರ್ಜಿಯನ್ನೂ ಕಂಪ್ಯೂಟರಿನಲ್ಲಿ ತುಂಬಿಕೊಡುತ್ತಾರೆ. ನನ್ನನ್ನು ಈಗಲೂ 'ಕುಸ' ಎಂದೇ ಕರೆಯುತ್ತಾರೆ. ನಾನು ಬಚ್ಚಲಲ್ಲಿ ಮೈ ಒರೆಸಿಕೊಳ್ಳುತ್ತಿದ್ದಾಗ ಅವರ ದನಿ ಕೇಳಿಸಿತು.

"ಅತ್ಗೆ, ಈ ಲ್ಯಾಪ್‌ಟಾಪೂ ಕುಸ ಮುಟ್ಟಿದ್ದೇ ಅಲ್ವಾ? ಇದ್ನ ಯಾಕ್ ಹಂಗೇ ಬುಟ್ಟಿದ್ದೀರಿ?"

"ನೀರ್ಗಾಕದ ನಾಗಪ್ಪ?"

"ನೀರ್ಗಾಕ್ಬುಟ್ಟೀರಾ, ಹಾಳಾಯ್ತದ! ನಾ ಮಾಡ್ಕೊಡ್ತಿನಿ ಬುಡಿ."

ಒರೆಸುತ್ತಾರೆ ಎಂದುಕೊಂಡು ನಾನು ಸುಮ್ಮನಿದ್ದೆ. ಒರೆಸಿದರು, ಅರಿಶಿನದ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ, ಮೂಲೆ ಮೂಲೆ. ನಾನು ಸೀರೆ ಉಟ್ಟು ಬಂದಾಗ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ತಕ್ಕ ಕುಸ. ಆಚ್ಗೂ ತೊಳ್ದಿವ್ನಿ, ಒಳ್ಗೂ ತೊಳ್ದಿವ್ನಿ. ಬ್ರೌಸರ್‌ನಲ್ಲಿ ಏನೇನ್ ತುಂಬ್ಕಂಡಿತ್ತು ಅಂತೀ! ಒಂದೂ ಬುಡ್ದಂಗೆ ತೆಗ್ದ್‌ಬುಟ್ಟೆ. ಈಗ್ ಓಡ್ಸಿ ನೋಡು."

ಅವರ ಅಂಗಡಿಯಲ್ಲಿ ಅದು ನಿತ್ಯದ ಕೆಲಸ. ಒಬ್ಬರ ಆಧಾರ್, ಬ್ಯಾಂಕ್ ವಿವರ ಇನ್ನೊಬ್ಬರ ಕಣ್ಣಿಗೆ ಬೀಳಬಾರದೆಂದು ಸಂಜೆ ಬಾಗಿಲು ಹಾಕುವ ಮುಂಚೆ ಎಲ್ಲವನ್ನೂ ಅಳಿಸಿ ಬರುತ್ತಾರೆ. ಅದರ ಬಗ್ಗೆ ಅವರಿಗೆ ಹೆಮ್ಮೆ. ನಾನು ಲ್ಯಾಪ್‌ಟಾಪಿಗೆ ಪಾಸ್‌ವರ್ಡ್ ಇಟ್ಟಿರಲಿಲ್ಲ; ಇಟ್ಟರೆ ಏನು ಬಚ್ಚಿಡುತ್ತೀಯ ಎಂಬ ಪ್ರಶ್ನೆ ಬರುತ್ತದೆ. ಪುಟ ತೆರೆದೆ. ಖಾಲಿ ಚೌಕಗಳು. ಐದು ಆನೆಗಳಲ್ಲಿ ಒಂದರ ಬಾಲವೂ ಉಳಿದಿರಲಿಲ್ಲ. ಒಂದು ಪ್ರತಿಯನ್ನು ಬೇರೆ ಕಡೆ ಇಳಿಸಿ ಇಟ್ಟುಕೊಳ್ಳುವುದು ಎರಡು ನಿಮಿಷದ ಕೆಲಸವಾಗಿತ್ತು. ನಾಳೆ ನಾಳೆ ಎಂದು ನಾನೇ ಬಿಟ್ಟಿದ್ದೆ.

ಅಷ್ಟರಲ್ಲಿ ಮುತ್ತೈದೆಯರು ಬಂದು ಕೂತಾಗಿತ್ತು. ತಲೆತುಂಬ ಮಲ್ಲಿಗೆ ಮುಡಿಸಿ ನನ್ನನ್ನು ಮಣೆಯ ಮೇಲೆ ಕೂರಿಸಿದರು. ಹಾಡು, ಆರತಿ, ಉಡಿ ತುಂಬುವುದು, ಒಬ್ಬೊಬ್ಬರೂ ಬಂದು ಗಲ್ಲಕ್ಕೆ ಅರಿಶಿನ ಹಚ್ಚುವುದು. ಮಹೇಶ ಎಡೆಬಿಡದೆ ಫೋಟೋ ತೆಗೆದರು. "ಯಾಕೆ ಮುಖ ಹಿಂಗದ?" ಎಂದು ಕೇಳಿದರು. ತಲೆನೋವು ಎಂದೆ. ಆ ಫೋಟೋಗಳು ಈಗಲೂ ಗುಂಡ್ಲುಪೇಟೆಯ ಹಾಲಿನಲ್ಲಿವೆ. ಎಲ್ಲದರಲ್ಲೂ ನಾನು ನಗುತ್ತಿದ್ದೇನೆ.

ಮಾರನೆಯ ಬೆಳಗ್ಗೆ ಬಚ್ಚಲಲ್ಲಿ ಅಮ್ಮ ಮೊದಲ ಚೊಂಬು ಹುಯ್ಯುತ್ತಿದ್ದ ಹಾಗೇ ಅಳು ಬಂತು. ನೀರಿನಲ್ಲಿ ಗೊತ್ತಾಗುವುದಿಲ್ಲ ಎಂದುಕೊಂಡೆ, ಗೊತ್ತಾಯಿತು.

"ಅಳ್ಬ್ಯಾಡ ಕಣಮ್ಮಿ, ಆಲು ಬತ್ತೋಯ್ತದ. ಏನಾಯ್ತು? ವಾಲೆ ಗೀಲೆ ಕಳ್ಕಂಡ್ಯಾ ನೆನ್ನ?"

"ಆನೆ ಹೋಯ್ತಮ್ಮ."

"ಯಾವ ಆನೆ?"

ಹೇಳಿದೆ. ಲಿನ್ಸಿ, ಎಂಟು ಚಿತ್ರ, ಶನಿವಾರ. ಹೇಳುತ್ತ ಹೇಳುತ್ತ ಶಾಲೆಯ ವಿಷಯವೂ ಬಾಯಿಗೆ ಬಂತು. ಅಮ್ಮನ ಕೈಯ ಚೊಂಬು ನಿಂತಿತು. "ನೀನೇ ಬ್ಯಾಡ ಅಂದೆ ಅಂದ್ರಲ್ಲ ನಿಮ್ಮಾವ? ಸೀಮಂತದ ದಿನ ನನ್ ಮುಂದೇ ಅಂದ್ರು."

"ನನ್ನ ಯಾರೂ ಕೇಳೇ ಇಲ್ಲಮ್ಮ."

ಅಮ್ಮ ಇನ್ನೆರಡು ಚೊಂಬು ಹುಯ್ದಳು, ಬೆನ್ನು ಉಜ್ಜಿದಳು, ಸೀಗೆಪುಡಿ ಹಾಕಿದಳು. ತಲೆ ಒರೆಸುವಾಗ ಕೇಳಿದಳು: "ಶನಿವಾರಕ್ಕೆ ಇನ್ನೊಂದಾನ ಬರ್ಯಕ್ಕಾದ್ದಾ?"

"ಅದಕ್ಕೆ ಬೇರೆ ಸಾಫ್ಟ್‌ವೇರ್ ಬೇಕು. ಫೋನ್ ಎತ್ಕೊಂಡು ತಾರ್ಸಿ ಮ್ಯಾಲೆ ಯಾರಾದ್ರೂ ಹೋಗ್ಬೇಕು."

"ಅಷ್ಟೇಯಾ?" ಎಂದಳು ಅಮ್ಮ.

ಯಾರನ್ನೂ ಕೇಳಬಾರದೆಂದು ಹಟ ಹಿಡಿದು ನಾನು ಕಳೆದುಕೊಂಡದ್ದು, ಕೇಳಿದ ಮೇಲೆ ಇಷ್ಟು ಸಲೀಸಾಗಿ ಸಿಕ್ಕಿತು. ಖುಷಿಗಿಂತ ಸಿಟ್ಟೇ ಹೆಚ್ಚಾಯಿತು. ನನ್ನ ಮೇಲೆಯೇ. ಒತ್ತಬೇಕಾದ್ದನ್ನು ನಾನು ಒತ್ತಿ ಕೊಟ್ಟೆ, ಅಮ್ಮ ಮೆಟ್ಟಿಲು ಹತ್ತಿದಳು. ಎತ್ತಿ ಹಿಡಿದರೆ ಬೇಗ ಬರುತ್ತದೆಂದು ಆ ಗಾಳಿಯಲ್ಲಿ ಕೈ ಮೇಲೆತ್ತಿಕೊಂಡೇ ನಿಂತಿದ್ದಳಂತೆ. ಇಳಿದು ಬಂದಾಗ ತುರುಬು ಬಿಚ್ಚಿ ಕೂದಲೆಲ್ಲ ಮುಖದ ಮೇಲಿತ್ತು. "ಗೆರ ಮುಕ್ಕಾಲ್ ತುಂಬಿ ನಿಂತ್ಕತು ಕಣಮ್ಮಿ. ನಾ ಬುಡ್ನಿಲ್ಲ" ಎಂದಳು.

ಸ್ವಯಂಸೇವಕರು ಮಾಡಿದ್ದ ಆ ಹಗುರಾದ ಸಾಫ್ಟ್‌ವೇರನ್ನು ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ತಂದುಕೊಂಡೆ. ನೋಡಲು ಹಳೇ ಕಾಲದ್ದು, ಗುಂಡಿಗಳು ಎಲ್ಲೆಲ್ಲೋ. ಆದರೆ ಬಿಡಿಸಿದ್ದನ್ನು ನನ್ನದೇ ಫೋಲ್ಡರಿನಲ್ಲಿ ಫೈಲ್ ಮಾಡಿ ಇಡುತ್ತಿತ್ತು. ಹಿಂದಿನ ಚಿತ್ರ ಮಸುಕಾಗಿ ಅಡಿಯಲ್ಲಿ ಕಾಣಿಸುತ್ತಿದ್ದರಿಂದ ಅದರ ಮೇಲೆಯೇ ಮುಂದಿನ ಹೆಜ್ಜೆ ಬರೆಯಬಹುದಿತ್ತು. ಈಗ ಕಂಬಳಿಯ ಹೊರಗೆ, ದಿಂಬಿಗೆ ಒರಗಿ ಕೂತು ಮಾಡುತ್ತಿದ್ದೆ. ಸ್ಕಾರ್ಫು, ಹತ್ತಿ, ಕಿಟಕಿಯ ಸೀರೆ ಮಾತ್ರ ಹಾಗೇ ಇದ್ದವು, ಅದರಲ್ಲಿ ರಿಯಾಯಿತಿಯಿಲ್ಲ. ಬುಧವಾರ ಸಂಜೆ ನಾಲ್ಕು ಚಿತ್ರ ಸೇರಿಸಿ ಓಡಿಸಿದೆ. ಅಮ್ಮ ಕೂಸನ್ನು ಭುಜದ ಮೇಲೆ ಹಾಕಿಕೊಂಡು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಅದ್ಯಾಕಮ್ಮಿ, ಎಷ್ಟ್ ನಡದ್ರೂ ಅಲ್ಲೇ ಅದ?"

"ನಾನು ಕಾಲಷ್ಟೇ ಆಡಿಸೋದು. ಮುಂದಕ್ಕೆ ಕರ್ಕೊಂಡೋಗೋರು ಗೇಮ್ ಮಾಡೋರು."

"ಪಾಪ" ಎಂದಳು. ಮತ್ತೆ ನೋಡಿ, "ಆದ್ರ ಇದು ಆನ ಅಲ್ಲ ಬುಡು. ಸೊಂಡ್ಲು ಇಕ್ಕಂಡಿರ ಹಸ" ಎಂದಳು.

ನನಗೆ ರೇಗಿತು. ಆನೆ ನಡೆಯುವ ವಿಡಿಯೋಗಳನ್ನು ನೋಡಿಯೇ ಬರೆದಿದ್ದೆ ಎಂದೆ. ಅಮ್ಮ ಕೂಸನ್ನು ನನ್ನ ಮಡಿಲಿಗೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ನೆಲಕ್ಕೆ ಕೈಯೂರಿ ನಾಲ್ಕು ಕಾಲಾದಳು. "ನೋಡ್ಕ. ಪುಣಜನೂರಲ್ಲಿ ನಾವು ಬೆಳ್ಗೆದ್ರ ಹೊಲ್ದಲ್ಲಿ ನೋಡ್ತಿದ್ದುದು ಹೆಜ್ಜೆಯ. ಮುಂಗಾಲು ಎತ್ತಿದ್ ಜಾಗಕ್ಕೇ ಹಿಂಗಾಲ್ ಇಕ್ತದ. ನಾಕ್ ಕಾಲಿದ್ರೂ ಎರಡ್ ಕಾಲಿಂದಂಗೇ ಕಾಣ್ತದ ಹೆಜ್ಜ. ಒಂದೇ ಮಗ್ಲು ಕಾಲು, ಹಿಂದಲ್ದು ಮೊದ್ಲು, ಮುಂದಲ್ದು ಆಮ್ಯಾಕ. ಎಗರಂಗಿಲ್ಲ ಅದು, ಭಾರವ ಜಾರ್ಸತದ ಅಷ್ಟೇಯ." ಹೇಳುತ್ತ ಆ ಇಕ್ಕಟ್ಟು ಕೋಣೆಯಲ್ಲಿ ಮಂಚದಿಂದ ತೊಟ್ಟಿಲ ತನಕ ನಡೆದಳು. ತಿರುಗಿ ಬಂದಳು. ಐವತ್ತು ದಾಟಿದ ಹೆಂಗಸು, ಮಂಡಿ ನೋವಿನವಳು. ನಾನು ನಕ್ಕು ನಕ್ಕು ಹೊಲಿಗೆ ನೋವಾಗಿ ಹೊಟ್ಟೆ ಹಿಡಿದುಕೊಂಡೆ. ಆಮೇಲೆ, "ಇನ್ನೊಂದ್ಸಲ ಮಾಡಮ್ಮ, ನಿಧಾನವಾಗಿ" ಎಂದು ಹೇಳಿ ಅವಳ ಕೈಕಾಲು ನೋಡುತ್ತ ಇದ್ದ ನಾಲ್ಕನ್ನೂ ಅಳಿಸಿ ಮೊದಲಿನಿಂದ ಬರೆದೆ.

ಶನಿವಾರ ಮಧ್ಯಾಹ್ನ ಅಮ್ಮ ಮತ್ತೆ ತಾರಸಿ ಹತ್ತಿ ಕಳಿಸಿ ಬಂದಳು. ಮಂಗಳವಾರ ಲಿನ್ಸಿಯ ಉತ್ತರ ಬಂತು. ಬೇರೆಯವರು ಕಳಿಸಿದ ಆನೆಗಳೆಲ್ಲ ದನದ ಹಾಗೆ ನಡೆಯುತ್ತಿದ್ದವಂತೆ, ಇದೊಂದು ಮಾತ್ರ ತಮ್ಮ ಮನೆಯ ಹಿಂದೆ ಬರುವ ಆನೆಯ ಹಾಗೆಯೇ ಇದೆಯಂತೆ. ಕೆಲಸ ಸಿಕ್ಕಿತು. ನಾಗಪ್ಪ ಚಿಕ್ಕಪ್ಪನಿಗೆ ನಡೆದದ್ದು ಗೊತ್ತಾಗಿ ಎರಡು ದಿನ ನಮ್ಮನೆ ಕಡೆ ತಲೆಹಾಕಲಿಲ್ಲ. ಮೂರನೇ ದಿನ, ಬ್ಯಾಂಕ್ ಖಾತೆಗೆ ನನ್ನದೇ ನಂಬರು ಸೇರಿಸುವ ಅರ್ಜಿಯನ್ನು ತಾವೇ ತುಂಬಿ, ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿ ತಂದುಕೊಟ್ಟರು.

ನವಿಲು, ಕಾಡುಕೋಣ, ಸೀಳುನಾಯಿ ಎಂದು ತಿಂಗಳುಗಳು ಓಡಿದವು. ಕಿಟಕಿಯ ಸೀರೆ ತೆಗೆದರು. ಆದರೆ ಐದನೇ ತಿಂಗಳು ಹತ್ತಿರವಾದಂತೆ ನನ್ನ ಎದೆಯಲ್ಲಿ ಅದೇ ಕೋಣೆ ಮತ್ತೆ ಮುಚ್ಚಿಕೊಳ್ಳತೊಡಗಿತು. ಕೆಲಸದ ಮಾತನ್ನು ಮಹೇಶರಿಗೆ ಫೋನಿನಲ್ಲಿ ಹೇಳಿದ್ದೆ. "ಒಳ್ಳೇದೇ ಆಯ್ತು, ಟೈಮ್ ಪಾಸಿಗೆ" ಎಂದಿದ್ದರು. ಕಾರ್ತಿಕದ ಒಂದು ಬುಧವಾರ ಕಾರು ತಂದರು. ಊಟವಾಯಿತು. ನನ್ನ ಬ್ಯಾಗು, ತೊಟ್ಟಿಲು ಎಲ್ಲ ಡಿಕ್ಕಿ ಸೇರಿದವು. ಅಪ್ಪ ಡ್ಯೂಟಿಯಲ್ಲಿದ್ದರು. ಅಳಿಯನ ಎದುರು ಎಂದೂ ಬಾಗಿಲ ಮರೆಯಿಂದ ಈಚೆ ಬರದ ಅಮ್ಮ ಅಂಗಳಕ್ಕೆ ಬಂದು ನಿಂತಳು.

"ಮಹೇಸಪ್ಪ, ಇವ್ಳ ಕೆಲ್ಸಕ್ಕ ಅಲ್ಲಿ ಎಲ್ಲಿ ಕುಂದ್ರುಸ್ತೀರಿ?"

ಮಹೇಶ ನಕ್ಕರು. "ಅದ್ಕೇನತ್ತೆ, ಟೈಮ್ ಸಿಕ್ಕಾಗ ಎಲ್ಲಾದ್ರೂ ಕೂತ್ಕಂಡು ಮಾಡ್ಕತಾಳೆ."

"ಟೈಮು ಸಿಕ್ಕಕ್ಕಿಲ್ಲ ಕಣಪ್ಪ. ನಾವೇ ಮಡಗ್ಬೇಕು. ಒಂದ್ ರೂಮು, ಒಂದ್ ಮೇಜು, ದಿನಾ ನಾಕ್ ಗಂಟ ಮೊಗ ನೋಡ್ಕಳಕ್ಕೆ ಒಬ್ರು. ಆಯ್ತದ ಅನ್ನಿ, ಕರ್ಕಂಡೋಗಿ."

"ಅಪ್ಪಾಜಿನ ಒಂದ್ಮಾತ್ ಕೇಳ್ಬೇಕು ಅತ್ತೆ."

"ಕೇಳ್ಕಂಡೇ ಬನ್ನಿ. ಅಲ್ಲಿಗಂಟ ಇಲ್ಲೇ ಇರ್ತಾಳ." ಅಮ್ಮ ಕಾರಿನ ಹಿಂದೆ ಹೋಗಿ ಡಿಕ್ಕಿಯಿಂದ ತೊಟ್ಟಿಲನ್ನೂ ನನ್ನ ಬ್ಯಾಗನ್ನೂ ತಾನೇ ಇಳಿಸಿಕೊಂಡಳು.

ಮಹೇಶ ನನ್ನ ಮುಖ ನೋಡಿದರು. ಅಮ್ಮನಿಗೆ ಬುದ್ಧಿ ಹೇಳಲಿ ಎಂದು ಕಾದರೋ ಏನೋ. ನಾನು ಕೂಸಿನ ಟೋಪಿ ಸರಿಮಾಡುತ್ತ ನಿಂತೆ. ಮೂರು ವಾರದ ಮೇಲೆ ಅವರೇ ಫೋನ್ ಮಾಡಿ, ಮೇಲಿನ ರೂಮಿಗೆ ಪ್ಲಗ್ ಪಾಯಿಂಟ್ ಎಲ್ಲಿ ಹಾಕಿಸಲಿ ಎಂದು ಕೇಳಿದರು. ಅದಕ್ಕೆ ಮುಂಚೆ ಎರಡು ಮನೆಯ ನಡುವೆ ಏನೇನು ಮಾತುಗಳಾದವು ಎಂಬುದನ್ನು ಇಲ್ಲಿ ಬರೆಯಲು ಇಷ್ಟವಿಲ್ಲ. ಆದರೆ ಆ ಬುಧವಾರ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಖಾಲಿ ಕಾರು ಬೀದಿಯ ಕೊನೆಯಲ್ಲಿ ತಿರುಗಿ ಗುಂಡ್ಲುಪೇಟೆಯ ದಾರಿ ಹಿಡಿಯಿತು. ಎದುರು ಮನೆಯವರು ಜಗುಲಿಯ ಮೇಲೆ ನಿಂತು ನೋಡುತ್ತಿದ್ದರು. ಅಮ್ಮ ಬ್ಯಾಗನ್ನು ತಬ್ಬಿಕೊಂಡು ಮೆಟ್ಟಿಲ ಮೇಲೆ ಕುಸಿದು ಕೂತಳು.

"ಅಂದ್ಬುಟ್ನಲ್ಲಮ್ಮಿ," ಎಂದಳು. "ಈಗ ಏನ್ ಮಾಡದು?"

ಅವಳ ಕೈಯಿಂದ ಬ್ಯಾಗನ್ನು ಬಿಡಿಸಿ ಕೆಳಗಿಟ್ಟೆ. ಕೂಸನ್ನು ಅವಳ ತೊಡೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಕೂತೆ.